ಎರಡು ಪೆನ್ಸಿನ ರಾಣಿ

ಬ್ರಿಟನ್ನಿನ ಅಂಚೆಚೀಟಿಯ ಮೇಲೆ ಆ ದೇಶದ ಹೆಸರೇ ಇರುವುದಿಲ್ಲ. 1840ರಲ್ಲಿ ಪೆನ್ನಿ ಬ್ಲ್ಯಾಕ್ ಹೊರಡಿಸಿ ಜಗತ್ತಿಗೆ ಅಂಚೆಚೀಟಿ ತೋರಿಸಿಕೊಟ್ಟವರು ಅವರು. ಹಾಗಾಗಿ ಸಿಂಹಾಸನದಲ್ಲಿ ಇರುವವರ ತಲೆಯೊಂದಿದ್ದರೆ ಸಾಕು, ಹೆಸರು ಯಾಕೆ ಎಂಬುದು ಅವರ ಲೆಕ್ಕ. ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿರುವ ಹನ್ನೊಂದು ಲಕೋಟೆಗಳ ಮೇಲೂ ಅಂಥದೇ ಒಂದು ತಲೆ ಇದೆ. ಕಿರೀಟ ತೊಟ್ಟು, ಎಡಕ್ಕೆ ನೋಡುತ್ತಿರುವ ಎರಡನೇ ಎಲಿಜಬೆತ್.

ಆ ಲಕೋಟೆಗಳು ಬಂದದ್ದು ಬ್ರಾಡ್‌ಫರ್ಡ್‌ನಿಂದ. ನನ್ನ ದಾದಾ ಅವರ ತಮ್ಮ ಅಲ್ಲಿಯ ಉಣ್ಣೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ನಾವು ಅವರನ್ನು ಸಣ್ಣ ದಾದಾ ಎನ್ನುತ್ತೇವೆ, ಕಂಡವರಲ್ಲ. ಉರ್ದುವಿನಲ್ಲಿ ಬರೆದ ಕಾಗದಗಳು, ಒಂದಕ್ಕೂ ತಾರೀಖು ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಅಡಿಕೆ ತೋಟ ಪಾಲಾದದ್ದು 1981ರಲ್ಲಿ, ಪತ್ರದಲ್ಲಿಯೇ ಇದೆ. ಅದರ ಬಗ್ಗೆ ಸಿಟ್ಟಿನಿಂದ ಬರೆದ ಕಾಗದವೇ ಅವರ ಕಡೆಯ ಕಾಗದ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. 1987ರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ನಡುವೆ ಆರು ವರ್ಷ ಒಂದು ಸಾಲೂ ಇಲ್ಲ ಎನ್ನುವುದು ನಮ್ಮ ಮನೆಯ ಇತಿಹಾಸ.

ಮತ್ತೊಂದು ಕಾಗದವಿದೆ. ಅದರಲ್ಲಿ ಜಗಳದ ಮಾತಿಲ್ಲ. ಅಣ್ಣನ ಮಂಡಿನೋವು ಹೇಗಿದೆ, ಈ ಸಲ ಮಳೆ ಹಿಡಿಯಿತೇ, ಬಾವಿ ಹತ್ತಿರದ ಹಲಸು ಎಷ್ಟು ಕಾಯಿ ಬಿಟ್ಟಿದೆ ಎಂದೆಲ್ಲ ಕೇಳಿದ್ದಾರೆ. ಆ ಹಲಸನ್ನು ಕಡಿದು ಈಗಿನ ಮನೆಯ ಬಾಗಿಲು ಮಾಡಿಸಿದ್ದು 1983ರಲ್ಲಿ, ಚೌಕಟ್ಟಿನ ಮೇಲೆ ಇಸವಿ ಕೆತ್ತಿದೆ. ಮರದ ಮಾತು ಇದೆ ಎಂದ ಮೇಲೆ ಅದು ಹಳೆಯ ಕಾಗದ, ಜಗಳಕ್ಕಿಂತ ಮುಂಚಿನದು ಎಂದು ತೀರ್ಮಾನವಾಗಿತ್ತು. ಲಕೋಟೆ ನೋಡಿ ಹೇಳುವಂತೆಯೂ ಇರಲಿಲ್ಲ. ಯಾವುದೋ ಕಾಲದಲ್ಲಿ ಮನೆಯ ಹುಡುಗನೊಬ್ಬ ಆಲ್ಬಮ್ಮಿಗೆಂದು ದೊಡ್ಡ ಬೆಲೆಯ ಚೀಟಿಯನ್ನು ಮುದ್ರೆಯ ತಾರೀಖಿನ ಸಮೇತ ಕತ್ತರಿಸಿಕೊಂಡಿದ್ದಾನೆ. ಉಳಿದಿರುವುದು ಒಂದೇ ಒಂದು ಹಸಿರು 2 ಪೆನ್ಸ್ ಚೀಟಿ.

ನಮ್ಮ ಗ್ರಂಥಪಾಲಕರು ಕೊಟ್ಟ ಹಳೆಯ ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗು ಇಲ್ಲದಿದ್ದರೆ ನಾನೂ ಅಲ್ಲಿಗೇ ಬಿಡುತ್ತಿದ್ದೆ. ಈ ರಾಣಿಯ ತಲೆಗೆ ಸಂಗ್ರಾಹಕರು ಮ್ಯಾಚಿನ್ ಎನ್ನುತ್ತಾರೆ. ಆರ್ನಾಲ್ಡ್ ಮ್ಯಾಚಿನ್ ಎಂಬ ಶಿಲ್ಪಿ ಸ್ಟೋಕ್ ಆನ್ ಟ್ರೆಂಟ್‌ನವರು, ಪಿಂಗಾಣಿ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು. ಅವರು ರಾಣಿಯ ಚಿತ್ರ ಬರೆಯಲಿಲ್ಲ, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದರು. ಅದರ ಫೋಟೋ 1967ರ ಜೂನ್ 5ರಂದು ಚೀಟಿಗೆ ಬಂತು. ಆಗ ರಾಣಿಗೆ 41 ವರ್ಷ. 2022ರಲ್ಲಿ 96ರಲ್ಲಿ ತೀರಿಕೊಂಡಾಗಲೂ ಚೀಟಿಯ ಮೇಲೆ ಅವರಿಗೆ ಅದೇ ವಯಸ್ಸು! ಇಪ್ಪತ್ತು ಸಾವಿರ ಕೋಟಿಗೂ ಹೆಚ್ಚು ಪ್ರತಿಗಳು ಅಚ್ಚಾಗಿವೆ ಎಂದು ಅಂದಾಜು. ಇಷ್ಟು ಸಲ ಅಚ್ಚಾದ ಮುಖ ಬೇರೆ ಇರಲಾರದು ಎನ್ನುವವರಿದ್ದಾರೆ.

ಎಲ್ಲ ಒಂದೇ ಮುಖ ಎಂದುಕೊಳ್ಳುವುದು ಬರಿಗಣ್ಣಿಗೆ ಮಾತ್ರ. ಶಿಲ್ಪದ ಮೇಲೆ ಬೆಳಕು ಬಿದ್ದ ರೀತಿ, ಫೋಟೋವನ್ನು ತಿದ್ದಿದ ಕೈ, ಅಚ್ಚಿನ ವಿಧಾನ, ಇವೆಲ್ಲ ಸೇರಿ ತಲೆ ಬದಲಾಗುತ್ತ ಹೋಗಿದೆ. ಕೆಲವು ಚೀಟಿಗಳಲ್ಲಿ ಕುತ್ತಿಗೆಯ ಕೆಳಗೆ ಶಿಲ್ಪ ಮುಗಿಯುವ ಅಂಚು ಹೆಚ್ಚುಕಡಿಮೆ ನೇರ, ಕೆಲವದರಲ್ಲಿ ಬಿಲ್ಲಿನಂತೆ ಬಾಗಿ ಕೆಳಗೊಂದು ನೆರಳಿನ ಪಟ್ಟಿ. ವೇಲ್ಸ್‌ನ ಚೀಟಿಗಳ ಮೂಲೆಯಲ್ಲಿ ಒಂದು ಡ್ರ್ಯಾಗನ್ ಇರುತ್ತದೆ. ಲಿಥೋ ಅಚ್ಚಿನ ಒಂದು ಮಾದರಿಯಲ್ಲಿ ಅದರ ಕಣ್ಣು ಬಿಳಿ ಚುಕ್ಕೆಯೊಂದಿಗೆ ಬಿಡಿಯಾಗಿದೆ, ಇನ್ನೊಂದರಲ್ಲಿ ಕಣ್ಣಿನಿಂದ ಮೂಗಿಗೆ ಗೆರೆ ಎಳೆದಂತೆ ಕೂಡಿಕೊಂಡಿದೆ. ಇಷ್ಟಕ್ಕೆ ಎರಡು ಬೇರೆ ಬೇರೆ ನಂಬರು!

ನನಗೆ ಬೇಕಾಗಿದ್ದದ್ದು ಅಚ್ಚಿನ ವಿಧಾನ. ಮೊದಲ ಹನ್ನೆರಡು ಹದಿಮೂರು ವರ್ಷ ಸಣ್ಣ ಬೆಲೆಯ ಮ್ಯಾಚಿನ್‌ಗಳನ್ನು ಬಹುಮಟ್ಟಿಗೆ ಹ್ಯಾರಿಸನ್ ಕಂಪನಿಯೇ ಗ್ರಾವ್ಯೂರ್ ವಿಧಾನದಲ್ಲಿ ಮುದ್ರಿಸಿತು. 1980ರಲ್ಲಿ ಲೀಡ್ಸ್‌ನ ವಾಡಿಂಗ್ಟನ್, ಲಂಡನ್ನಿನ ಹೌಸ್ ಆಫ್ ಕ್ವೆಸ್ಟಾ ಎಂಬ ಎರಡು ಕಂಪನಿಗಳು ಲಿಥೋದಲ್ಲಿ ಕೆಲವು ಬೆಲೆಗಳನ್ನು ಮುದ್ರಿಸತೊಡಗಿದವು. (ಬ್ರಿಟನ್ನಿನಲ್ಲಿ ಮೊನಾಪಲಿ ಆಟ ತಯಾರಿಸಿ ಮಾರುತ್ತಿದ್ದದ್ದೂ ಇದೇ ವಾಡಿಂಗ್ಟನ್.) 2 ಪೆನ್ಸ್ ಕ್ವೆಸ್ಟಾದ ಪಾಲಿಗೆ ಬಂತು.

ಗ್ರಾವ್ಯೂರ್‌ನಲ್ಲಿ ತಾಮ್ರದ ಉರುಳೆಯ ಮೇಲೆ ಇಡೀ ಚಿತ್ರ ಸಣ್ಣ ಸಣ್ಣ ಗುಳಿಗಳಾಗಿ ಕೊರೆದಿರುತ್ತದೆ. ಗುಳಿ ಆಳವಾದಷ್ಟೂ ಶಾಯಿ ಹೆಚ್ಚು, ಬಣ್ಣ ಗಾಢ. ಅಂಕಿಯೂ ಗುಳಿಗಳಿಂದಲೇ ಆದದ್ದರಿಂದ ಅದರ ಅಂಚು ಗರಗಸದಂತೆ ಕಾಣುತ್ತದೆ. ಲಿಥೋದಲ್ಲಿ ಗುಳಿಯೇ ಇಲ್ಲ. ಫಲಕ ಸಪಾಟಾಗಿರುತ್ತದೆ, ಎಣ್ಣೆಗೂ ನೀರಿಗೂ ಕೂಡಿಬರುವುದಿಲ್ಲ ಎಂಬ ಒಂದೇ ಗುಣದ ಮೇಲೆ ಕೆಲಸ ನಡೆಯುತ್ತದೆ. ಶಾಯಿ ಎಲ್ಲ ಕಡೆ ಒಂದೇ ದಪ್ಪ. ಆದ್ದರಿಂದ ಮುಖದ ನೆರಳನ್ನು ಚುಕ್ಕೆಯ ಗಾತ್ರದಿಂದಲೇ ತೋರಿಸಬೇಕು. ಕುತ್ತಿಗೆಯ ಹತ್ತಿರ ದೊಡ್ಡ ಚುಕ್ಕೆ, ಕೆನ್ನೆಯ ಮೇಲೆ ಸೂಜಿಮೊನೆಯಷ್ಟು ಚುಕ್ಕೆ. ಅಂಕಿ ಮಾತ್ರ ಚಾಕುವಿನಿಂದ ಕತ್ತರಿಸಿದಂತೆ ನುಣುಪು.

ಇದನ್ನು ನೋಡಲು ದೊಡ್ಡ ಉಪಕರಣ ಬೇಡ. ಪೇಟೆಯ ಗಡಿಯಾರ ರಿಪೇರಿಯ ಚಾಚಾ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವನ್ನು ಎರಡು ದಿನಕ್ಕೆ ಕೊಟ್ಟರು. ಒಂದು ಹಳೆಯ ಲಕೋಟೆಯ 2 ಪೆನ್ಸ್, ಪಕ್ಕದಲ್ಲಿ ಹಲಸಿನ ಕಾಗದದ 2 ಪೆನ್ಸ್ ಇಟ್ಟುಕೊಂಡು ಬೆಳಿಗ್ಗೆಯ ಬಿಸಿಲಿನಲ್ಲಿ ಕೂತೆ. ಬಣ್ಣವನ್ನು ನಂಬುವಂತಿರಲಿಲ್ಲ, ಎರಡೂ ಮಾಸಿದ ಹಸಿರು. ಆದರೆ ಮೊದಲನೆಯದರ ‘2’ಕ್ಕೆ ಗರಗಸದ ಅಂಚು, ಎರಡನೆಯದರದ್ದು ನುಣುಪು. ಎರಡನೆಯ ರಾಣಿಯ ಕೆನ್ನೆ ಪೂರ್ತಿ ಚುಕ್ಕೆ ಚುಕ್ಕೆ. ಅಂದರೆ ಲಿಥೋ, 1980ಕ್ಕಿಂತ ಹಿಂದಿನದಲ್ಲ.

ಅಷ್ಟರಿಂದ ಜಗಳದ ಹಿಂದೆಯೋ ಮುಂದೆಯೋ ತಿಳಿಯುವುದಿಲ್ಲ. ಇನ್ನೊಂದು ಸಾಕ್ಷಿ ಅಂಚಿನಲ್ಲಿತ್ತು. ಚೀಟಿಯ ಹಲ್ಲುಗಳನ್ನು ಎರಡು ಸೆಂಟಿಮೀಟರಿಗೆ ಎಷ್ಟು ಎಂದು ಎಣಿಸುತ್ತಾರೆ, ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ. ಕ್ವೆಸ್ಟಾದ ಮೊದಲ ಚೀಟಿಗಳು 13½×14. 1984ರಲ್ಲಿ ಅವರು ಅದನ್ನು 15×14ಕ್ಕೆ ಬದಲಾಯಿಸಿದರು. ಹ್ಯಾರಿಸನ್‌ನವು ಮೊದಲಿನಿಂದಲೂ 15×14. ಇದರಲ್ಲಿರುವ ಸಿಕ್ಕು ನೋಡಿ: ಹಲ್ಲನ್ನಷ್ಟೇ ಎಣಿಸಿ, ಮುಖ ನೋಡದೆ ಬಿಟ್ಟರೆ 1984ರ ಚೀಟಿಯನ್ನು 1971ರದು ಎನ್ನಬಹುದು. ಮುಖ ನೋಡಿ ಹಲ್ಲು ಬಿಟ್ಟರೆ 1980 ಎಂದು ನಿಲ್ಲಬಹುದು. ಎರಡೂ ಕೂಡಿದರೆ ಮಾತ್ರ ಉತ್ತರ.

ಮೂರು ಸಲ ಎಣಿಸಿದೆ. ಅಮ್ಮಿಯಿಂದಲೂ ಎಣಿಸಿಸಿದೆ. ಅಡ್ಡಲಾಗಿ 15.

ಚೀಟಿ ಒಂದು ದಿಕ್ಕಿಗೆ ಮಾತ್ರ ಸಾಕ್ಷಿ ಹೇಳುತ್ತದೆ. ಅಚ್ಚಾಗಿ ಎಷ್ಟೋ ವರ್ಷದ ಮೇಲೆ ಅಂಟಿಸಬಹುದು, ಅಚ್ಚಾಗುವ ಮೊದಲೇ ಅಂಟಿಸಲಾಗದು. ಲಕೋಟೆ ಬೇರೆಯದಿರಬಹುದೇ ಎಂಬ ಅನುಮಾನವೂ ಬಂತು. ಆದರೆ ಆ ಹುಡುಗನ ಕತ್ತರಿ ಲಕೋಟೆಯ ಜೊತೆ ಒಳಗಿದ್ದ ಕಾಗದದ ಮೂಲೆಯನ್ನೂ ತುಂಡರಿಸಿದೆ, ಇಟ್ಟು ನೋಡಿದರೆ ಎರಡೂ ಸರಿಯಾಗಿ ಕೂಡುತ್ತವೆ. ಹಾಗಾಗಿ ಮಂಡಿನೋವು ವಿಚಾರಿಸಿದ ಕಾಗದ ಬಂದದ್ದು 1984 ಮತ್ತು 1987ರ ನಡುವೆ. ಜಗಳವಾಗಿ ಮೂರು ವರ್ಷವಾದರೂ ಕಳೆದಿತ್ತು. ಹಲಸು ಆಗಲೇ ಬಾಗಿಲಾಗಿತ್ತು. ಬ್ರಾಡ್‌ಫರ್ಡ್‌ನಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ.

ದಾದಿಗೆ ಮಸೂರ ಕೊಟ್ಟೆ. ಅವರು ರಾಣಿಯ ಕೆನ್ನೆಯನ್ನು ಬಹಳ ಹೊತ್ತು ನೋಡಿ, ಹಲ್ಲುಗಳನ್ನು ಉಗುರಿನಿಂದ ಎಣಿಸಿದರು. ಆಮೇಲೆ ಕಾಗದವನ್ನು ಇನ್ನೊಮ್ಮೆ ಓದಿಸಿಕೊಂಡರು.

“ನಿನ್ನ ದಾದಾ ಕಾಗದಗಳನ್ನು ಯಾರ ಕೈಗೂ ಕೊಡುತ್ತಿರಲಿಲ್ಲ,” ಎಂದರು. “ಮರದ ಸುದ್ದಿ ಅವನಿಗೆ ಯಾರೂ ತಿಳಿಸಲಿಲ್ಲ ಅಂದರೆ, ಇದಕ್ಕೆ ಜವಾಬು ಹೋಗಿಲ್ಲ.”

ಟ್ರಂಕಿನಲ್ಲಿ ಇನ್ನೂ ನಾಲ್ಕು ಲಕೋಟೆಗಳ ಚೀಟಿ ನೋಡುವುದು ಬಾಕಿ ಇತ್ತು. ದಾದಿ ಅವನ್ನೂ ಹೊರಗೆ ತೆಗೆಸಿದರು.