ಶೀಟಿನ ಬೆನ್ನಲ್ಲಿ ಸಿಕ್ಕ ಸಿಲ್ವರ್

ಪ್ಲೈವುಡ್ಡನ್ನು ಯಾರೂ ಮರ ಅಂತ ನೋಡುವುದಿಲ್ಲ. ಅಂಗಡಿಯಲ್ಲಿ ಕೇಳುವುದು ಎರಡೇ ಮಾತು: ಎಷ್ಟು ಎಂಎಂ, ಎಷ್ಟು ರೇಟು. ಮನೆಗೆ ತಂದು ಗಮ್ ಹಚ್ಚಿ ಮೈಕಾ ಅಂಟಿಸಿದರೆ ಮುಗಿಯಿತು. ಆ ಮೈಕಾದ ಮೇಲೂ ಮರದ ಗೆರೆಗಳೇ ಪ್ರಿಂಟ್ ಆಗಿರುತ್ತವೆ. ಮರದ ಮೇಲೆ ಮರದ ಫೋಟೊ, ತಮಾಷೆ ನೋಡಿ.

ನಾವು ಮೂವರು ಕೂತು ಬರೆಯುವ ಕೋಣೆಗೆ ಉದ್ದನೆಯ ಮೇಜು ಬೇಕಿತ್ತು. 8 ಅಡಿ ಉದ್ದ, 4 ಅಡಿ ಅಗಲ, 18 ಎಂಎಂ ದಪ್ಪದ ಸಾದಾ ಶೀಟು ತಂದೆವು. ಮುಂಭಾಗ ಬಣ್ಣ ಬಳಿದ ಹಾಗೆ ಒಂದೇ ಸಮ ಕೆಂಪು. ಆಚಾರ್ರು ಗುರುತು ಹಾಕಲು ಶೀಟು ಮಗುಚಿದರು. ಧೂಳು ಹೋಗಲಿ ಅಂತ ಒದ್ದೆ ಬಟ್ಟೆಯಲ್ಲಿ ಬೆನ್ನು ಒರೆಸಿದರು. ಒರೆಸಿದ ಕೈ ಅಲ್ಲೇ ನಿಂತಿತು.

ತಿಳಿಗೆಂಪು ಕಂದು ಬಣ್ಣ. ಗದ್ದೆಯ ಬದುಗಳನ್ನು ಗುಡ್ಡದ ಮೇಲಿಂದ ನೋಡಿದ ಹಾಗೆ ಒಂದರೊಳಗೊಂದು ತಿರುಗುವ ಗೆರೆಗಳು. ಅದರ ತುಂಬ ಎಳ್ಳು ಚೆಲ್ಲಿದಂತೆ ಸಣ್ಣ ಸಣ್ಣ ಚುಕ್ಕೆ. ಒಂದು ಕಡೆ ಕೊಂಬೆ ಇದ್ದ ಜಾಗದಲ್ಲಿ ಗೆರೆಗಳೆಲ್ಲ ಸುಳಿಯಾಗಿದ್ದವು.

“ಇದು ನಮ್ಮ ಸಿಲ್ವರ್ ಕಣ್ರಪ್ಪಾ,” ಅಂದರು ಆಚಾರ್ರು.

ಸಿಲ್ವರ್ ಓಕ್ ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟ ಮರ, ಮೂಲ ಆಸ್ಟ್ರೇಲಿಯಾ. ಮೆಣಸಿನ ಬಳ್ಳಿಗೆ ಆಸರೆ, ಕೈ ಕಟ್ಟಿದಾಗ ಮಾರಲು ದುಡ್ಡು. ಲಾರಿ ಹತ್ತಿದ ಮೇಲೆ ಅದರ ಗತಿ ನಾವು ಕೇಳುವುದಿಲ್ಲ. ಫ್ಯಾಕ್ಟರಿಯಲ್ಲಿ ದಿಮ್ಮಿಯನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉದ್ದನೆಯ ಅಲಗು ತಗುಲಿ ಮರ ಚಾಪೆ ಬಿಚ್ಚಿದ ಹಾಗೆ ಹಾಳೆಯಾಗಿ ಬರುತ್ತದೆ. ಅಲಗು ಮರದ ವರ್ಷದ ಉಂಗುರಗಳನ್ನು ಓರೆಯಾಗಿ ಸವರುತ್ತಾ ಹೋಗುವುದರಿಂದಲೇ ಆ ದೊಡ್ಡ ಅಲೆಗಳು. ಮರ ಸೊಟ್ಟ ಬೆಳೆದಷ್ಟೂ ಚಿತ್ತಾರ ಹೆಚ್ಚು. ಆಮೇಲೆ ಹಾಳೆಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಇಟ್ಟು, ಅಂಟು ಹಾಕಿ, ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಚಂದದ ಹಾಳೆ ಬೆನ್ನಿಗೆ ಹೋಯಿತೋ ಹೊಟ್ಟೆಗೆ ಹೋಯಿತೋ, ಸಾದಾ ಶೀಟಿನಲ್ಲಿ ಯಾರು ನೋಡುತ್ತಾರೆ? ಹೊಟ್ಟೆಗೆ ಹೋದದ್ದಂತೂ ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಚಾರ್ರು ಬೆನ್ನನ್ನೇ ಮೇಲೆ ಮಾಡುತ್ತೇನೆ, ಮೈಕಾ ಹಾಕುವುದಿಲ್ಲ ಅಂದರು. ನಮ್ಮಲ್ಲೊಬ್ಬನ ಅಮ್ಮ ಒಪ್ಪಲಿಲ್ಲ. “ಟೀ ಚೆಲ್ಲಿದ್ರೆ ಉಬ್ಬುತ್ತೆ, ಕೊಟ್ಟ ದುಡ್ಡು ದಂಡ,” ಅಂದರು. ಅದೂ ಸುಳ್ಳಲ್ಲ. ಆಚಾರ್ರು ತಗ್ಗಿದ ದನಿಯಲ್ಲಿ, “ಅಕ್ಕಾ, ಉಜ್ಜುಗೊರಡು ಮುಟ್ಟದೆ ಎಂಟು ತಿಂಗಳಾಯ್ತು. ಬರೀ ಅಂಟಿಸೋದೇ ಕೆಲಸ. ಇದೊಂದು ಮಾಡಕ್ಕೆ ಬಿಡಿ,” ಅಂದರು. ಅಪ್ಪನ ಕಾಲದಿಂದ ಬಾಗಿಲು, ತೊಟ್ಟಿಲು ಕೆತ್ತಿದ ಮನೆತನ ಅವರದು. ಅಮ್ಮ ಮರುಮಾತಾಡದೆ ಕಾಫಿ ತರಲು ಒಳಗೆ ಹೋದರು.

ಆದರೂ ಉಜ್ಜುಗೊರಡು ಚೀಲದಿಂದ ಹೊರಗೆ ಬರಲಿಲ್ಲ. ಮೇಲಿನ ಹಾಳೆ ಅಷ್ಟು ತೆಳು, ಒಂದು ಸಲ ಎಳೆದರೆ ಕೆಳಗಿನ ಪದರ ಕಾಣಿಸಿಬಿಡುತ್ತದೆ. ನಯವಾದ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ, ಗೆರೆ ಹೋದ ದಿಕ್ಕಿಗೇ ಉಜ್ಜಿದರು. ಅಲ್ಲಲ್ಲಿದ್ದ ತೂತಿಗೆ ಮರದ ಹೊಟ್ಟು, ಅಂಟು ಕಲಸಿ ತುಂಬಿದರು. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ ಬಳಿದರು. ಒಣಗಿದ ಮೇಲೆ ಮತ್ತೆ ಬಳಿದರು. ಎರಡು ದಿನದ ಕೆಲಸ ನಾಲ್ಕು ದಿನ ಹಿಡಿಯಿತು. ಮೈಕಾಗೆ ಎತ್ತಿಟ್ಟಿದ್ದ ದುಡ್ಡು ಕೂಲಿಗೆ ಹೋಯಿತು. ಹೋಗಬೇಕಾದ ಕಡೆಗೇ ಹೋಯಿತು ಅಂತ ನಮ್ಮ ಲೆಕ್ಕ.

ಅರಗಿನ ಪಾಲಿಶ್ ಬಿಸಿ ಲೋಟ ತಡೆಯುವುದಿಲ್ಲ, ಬಿಳಿ ಉಂಗುರ ಬೀಳುತ್ತದೆ. ಮೇಜಿನ ಮೇಲೆ ಟೀ ನಿಷೇಧ, ಅಮ್ಮನದೇ ಕಾನೂನು.

ಇನ್ನೊಂದು ಶೀಟಿನ ಆಸೆಗೆ ಅದೇ ಅಂಗಡಿಗೆ ಹೋಗಿ ಆರು ಶೀಟು ಮಗುಚಿಸಿ ನೋಡಿದೆವು. ಒಂದರಲ್ಲೂ ಏನೂ ಇರಲಿಲ್ಲ. ಅಂಗಡಿಯವರು, “ಬೆನ್ನು ನೋಡಿ ತಗೊಳ್ಳೋ ಗಿರಾಕಿ ನೀವೇ ಮೊದಲು,” ಅಂತ ನಕ್ಕರು. ಆಚಾರ್ರು ಮಾತ್ರ ಈಗ ಯಾರ ಮನೆಯಲ್ಲಾದರೂ ಸರಿ, ಗಮ್ ಡಬ್ಬಿ ತೆರೆಯುವ ಮುಂಚೆ ಎರಡೂ ಕಡೆ ಒದ್ದೆ ಬಟ್ಟೆ ಆಡಿಸುತ್ತಾರೆ.