ಕಡಲಹಸುವಿನ ಬಸಿರು

ಸ್ಮರಣ ಸಂಚಿಕೆಗೆ ವಿಜ್ಞಾನ ವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾಯಿತು. ನಾನು ಆಯ್ದುಕೊಂಡ ವಿಷಯವನ್ನು ಕೇಳಿ ಸಂಪಾದಕ ಮಿತ್ರರು ಮುಗುಳ್ನಕ್ಕರು. ತೊರಗಲ್ಲು ನಾಡಿಗೂ ಕಡಲಿಗೂ ಏನು ನಂಟು? ನವಿಲುತೀರ್ಥದ ಜಲಾಶಯವೇ ನಮ್ಮ ಪಾಲಿನ ಸಮುದ್ರ. ಆದಾಗ್ಯೂ ಮೂರು ದಶಕಗಳ ಕಾಲ ಪ್ರಾಣಿಶಾಸ್ತ್ರವನ್ನು ಬೋಧಿಸಿದ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವರು ಆಸ್ಟ್ರೇಲಿಯಾದ ಹೆಲೆನ್ ಮಾರ್ಷ್ ಎಂಬ ವಿದುಷಿ. ಟೌನ್ಸ್‌ವಿಲ್ ನಗರದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಅವರು ತಮ್ಮ ಆಯುಷ್ಯದ ಬಹುಭಾಗವನ್ನು ಒಂದು ಪ್ರಾಣಿಯ ಅಧ್ಯಯನಕ್ಕೆ ಮುಡಿಪಾಗಿಟ್ಟರು. ಆ ಪ್ರಾಣಿಯೇ ಡ್ಯೂಗಾಂಗ್, ಅಂದರೆ ಕಡಲಹಸು.

ಇದು ಮೀನಲ್ಲ. ಶ್ವಾಸಕೋಶದಿಂದ ಉಸಿರಾಡುತ್ತದೆ, ಆಳವಲ್ಲದ ನೀರಿನಲ್ಲಿ ಬೆಳೆಯುವ ಕಡಲಹುಲ್ಲನ್ನು ಮೇಯುತ್ತದೆ, ಕರುವಿಗೆ ಮೊಲೆಯೂಡಿಸುತ್ತದೆ. ಅದರ ಮೊಲೆತೊಟ್ಟುಗಳಿರುವುದು ಮುಂದೋಳಿನ ಕಂಕುಳಲ್ಲಿ. ವಂಶದಿಂದ ನೋಡಿದರೆ ಹಸುವಿಗಿಂತ ಆನೆಗೇ ಹತ್ತಿರದ ಬಳಗ.

ಈಜುವವರನ್ನು ಶಾರ್ಕ್ ಮೀನುಗಳಿಂದ ರಕ್ಷಿಸಲೆಂದು ಟೌನ್ಸ್‌ವಿಲ್ ಕರಾವಳಿಯಲ್ಲಿ ಬಲೆಗಳನ್ನು ಕಟ್ಟಿದ್ದರು. ಅವುಗಳಿಗೆ ಸಿಕ್ಕು ಕಡಲಹಸುಗಳು ಉಸಿರುಗಟ್ಟಿ ಸಾಯುತ್ತಿದ್ದವು. ಜಾರ್ಜ್ ಹೈನ್‌ಸೋನ್ ಎಂಬ ಹಿರಿಯರು ಆ ಕಳೇಬರಗಳನ್ನು ಪರೀಕ್ಷಿಸಲು ತೊಡಗಿದ್ದರು; ಮಾರ್ಷ್ 1970ರ ದಶಕದಲ್ಲಿ ಅವರೊಡನೆ ಸೇರಿದರು. ಬಿಸಿಲಿನಲ್ಲಿ ಉಬ್ಬಿದ ದೇಹವನ್ನು ಸೀಳಿ, ಅಂಡಾಶಯ ಗರ್ಭಕೋಶಗಳನ್ನು ಬೇರ್ಪಡಿಸಿ, ತೆಳ್ಳನೆಯ ಪದರಗಳಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಪರಿಶೀಲಿಸುವ ಕಾರ್ಯವು ಯಾರಿಗೂ ಪ್ರಿಯವಾದುದಲ್ಲ. ಧಾರವಾಡದಲ್ಲಿ ಓದುತ್ತಿದ್ದಾಗ ಕಪ್ಪೆಯ ಅಂಡಾಶಯವನ್ನು ಕೊಯ್ದ ನನ್ನ ಬೆರಳುಗಳಿಗೆ ಫಾರ್ಮಲಿನ್ನಿನ ವಾಸನೆ ವಾರಗಟ್ಟಲೆ ಅಂಟಿಕೊಂಡಿರುತ್ತಿತ್ತು. ಪ್ರಸಾದ ನಿಲಯದ ಪಂಕ್ತಿಯಲ್ಲಿ ನನ್ನ ಪಕ್ಕ ಕೂಡ್ರುವವರು ಕಡಿಮೆ! ಕಾಯಕವೆಂಬ ಮಾತು ಇಂಥ ಕೆಲಸಕ್ಕೇ ಒಪ್ಪುತ್ತದೆ.

ದನದ ಸಂತೆಯಲ್ಲಿ ನಮ್ಮ ರೈತನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾನೆ. ಕಡಲಹಸುವಿನ ಕೋರೆಹಲ್ಲನ್ನು ಸೀಳಿದರೆ ಮರದ ಕಾಂಡದಲ್ಲಿದ್ದಂತೆ ವರ್ಷವರ್ಷದ ಪದರಗಳು ಕಾಣುತ್ತವೆ. ಗರ್ಭಕೋಶದ ಗೋಡೆಯ ಮೇಲೆ ಹಿಂದಿನ ಬಸಿರುಗಳು ಕಲೆಗಳನ್ನು ಉಳಿಸಿರುತ್ತವೆ. ಇವೆರಡನ್ನೂ ಹೊಂದಿಸಿ, 1984ರಲ್ಲಿ ಮಾರ್ಷ್ ಮತ್ತು ಅವರ ಸಹಚರರು ಆ ಪ್ರಾಣಿಯ ಜೀವನಕ್ರಮವನ್ನು ಪ್ರಕಟಿಸಿದರು. ಎಪ್ಪತ್ತು ವರ್ಷಗಳವರೆಗೂ ಬದುಕಬಲ್ಲ ಈ ಹೆಣ್ಣು, ಮೊದಲ ಕರು ಹಾಕುವುದು ಆರರಿಂದ ಹದಿನೇಳನೆಯ ವಯಸ್ಸಿನ ನಡುವೆ. ಬಸಿರಿನ ಅವಧಿ ವರ್ಷಕ್ಕೂ ಮಿಕ್ಕಿದ್ದು. ಹೆರುವುದು ಒಂದೇ ಕರು. ಮುಂದಿನ ಕರುವಿಗೆ ಎರಡೂವರೆಯಿಂದ ಏಳು ವರ್ಷಗಳ ಅಂತರ. ಎಲ್ಲವೂ ಅನುಕೂಲವಾಗಿದ್ದರೂ ಅವುಗಳ ಸಂಖ್ಯೆ ವರ್ಷಕ್ಕೆ ಶೇಕಡಾ 5ರಷ್ಟಕ್ಕಿಂತ ಹೆಚ್ಚು ಬೆಳೆಯಲಾರದು. ನೂರು ಇದ್ದಲ್ಲಿ ಐದು! ಅದರಲ್ಲಿ ಬಲೆಗೆ ನಾಲ್ಕಾರು ಬಲಿಯಾದರೆ ಉಳಿಯುವುದೇನು? ಒಂದು ಬಸುರಿಯ ಸಾವು ಎಷ್ಟು ದುಬಾರಿಯೆಂಬುದನ್ನು ಭಾವುಕತೆಯಿಂದಲ್ಲ, ಗಣಿತದಿಂದಲೇ ಅವರು ತೋರಿಸಿದರು.

ನನ್ನನ್ನು ಬಹುವಾಗಿ ಸೆಳೆದ ಸಂಗತಿ ಇನ್ನೊಂದಿದೆ. 1970ರ ದಶಕದಲ್ಲಿ ಟಾರೆಸ್ ಜಲಸಂಧಿಯಲ್ಲಿ ಕಡಲಹುಲ್ಲು ವ್ಯಾಪಕವಾಗಿ ನಾಶವಾಯಿತು. ಆ ಕಾಲದ ಹೆಣ್ಣುಗಳಲ್ಲಿ ಬಸುರಿಯಾದವು ವಿರಳ. ಹುಲ್ಲು ಮತ್ತೆ ಚಿಗುರಿದ ಮೇಲೆ ಬಸಿರೂ ಹೆಚ್ಚಿತೆಂದು 2008ರಲ್ಲಿ ಮಾರ್ಷ್ ಮತ್ತು ಡಾನಾ ಕ್ವಾನ್ ಬರೆದರು. ಬರಗಾಲದಲ್ಲಿ ಮೇವಿಲ್ಲದ ಎಮ್ಮೆ ಬೆದೆಗೆ ಬಾರದು, ಬಂದರೂ ಗಬ್ಬ ನಿಲ್ಲದು ಎಂಬುದನ್ನು ಸವದತ್ತಿ ರಾಮದುರ್ಗಗಳ ಯಾವ ಒಕ್ಕಲಗಿತ್ತಿಯನ್ನು ಕೇಳಿದರೂ ಹೇಳಿಯಾಳು. ಸೀಗಿ ಹುಣ್ಣಿಮೆಯಂದು ಬಸುರಿ ಭೂತಾಯಿಗೆ ಚರಗ ಚೆಲ್ಲುವ ನಮ್ಮ ಜನಕ್ಕೆ ಬಸಿರಿಗೂ ಉಣಿಸಿಗೂ ಇರುವ ನಂಟನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಜಪಾನಿನ ತೋಷಿಯೋ ಕಸುಯಾ ಅವರೊಡನೆ ಕೂಡಿ ಮಾರ್ಷ್ ಪೈಲಟ್ ತಿಮಿಂಗಿಲಗಳನ್ನೂ ಅಭ್ಯಸಿಸಿದರು. ಇದರ ಹೆಣ್ಣುಗಳು ನಲವತ್ತರ ಆಸುಪಾಸಿನಲ್ಲಿ ಹೆರುವುದನ್ನು ನಿಲ್ಲಿಸಿ, ಅರವತ್ತು ದಾಟಿಯೂ ಬಾಳಬಲ್ಲವು. ನಮ್ಮ ಅಜ್ಜಿಯರಂತೆಯೇ! 1973ರ ಜನವರಿಯಲ್ಲಿ ತೂತ್ತುಕುಡಿಯ ಕಡೆಯ ದಡಕ್ಕೆ ಬಂದು ಬಿದ್ದ 147 ತಿಮಿಂಗಿಲಗಳು ಇದೇ ಜಾತಿಯವು.

ಇಲ್ಲೊಂದು ಮಾತನ್ನು ಆಡಲೇಬೇಕು. ಸಂತಾನೋತ್ಪತ್ತಿಯ ಅಧ್ಯಾಯ ಬಂದೊಡನೆ 'ಮನೆಯಲ್ಲಿ ಓದಿಕೊಳ್ಳಿರಿ' ಎಂದು ಪುಟ ಮಗುಚುವ ಶಿಕ್ಷಕರನ್ನು ನಾನು ಬಹಳ ಕಂಡಿದ್ದೇನೆ. ಹುಡುಗಿಯರು ತಲೆ ತಗ್ಗಿಸುತ್ತಾರೆ, ಹುಡುಗರು ಕಿಸಕ್ಕನೆ ನಗುತ್ತಾರೆ, ಪಾಠ ಮುಂದಕ್ಕೆ ಹೋಗುತ್ತದೆ. ಜನನಸೂತಕ, ರಜಸ್ಸೂತಕಗಳನ್ನೊಳಗೊಂಡ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದರು. ಅವರ ಹೆಸರಿನಲ್ಲಿ ನಡೆಯುವ ಶಾಲೆಗಳಲ್ಲಿ ಬಸಿರು ಬಾಣಂತನಗಳ ವಿಜ್ಞಾನಕ್ಕೆ ಏಕೆ ನಾಚಿಕೆ? ಮಾರ್ಷ್ ಅವರ ಚರಿತ್ರೆಯನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದುದು ಈ ಕಾರಣಕ್ಕಾಗಿ. ಕಡಲಹಸುವಿನ ಬಸಿರಿನಿಂದ ಆರಂಭಿಸಿದರೆ ಮಕ್ಕಳು ನಗುವುದನ್ನು ಬಿಟ್ಟು ಪ್ರಶ್ನೆ ಕೇಳುತ್ತಿದ್ದರು.

ನಮ್ಮ ದೇಶದಲ್ಲಿ ಕಚ್ಛದ ಕೊಲ್ಲಿ, ಮನ್ನಾರ ಕೊಲ್ಲಿ, ಪಾಕ್ ಕೊಲ್ಲಿ ಹಾಗೂ ಅಂಡಮಾನ್ ನಿಕೋಬಾರ್ ದ್ವೀಪಗಳ ಸುತ್ತ ಈ ಪ್ರಾಣಿ ಉಳಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿದೆ. ತಮಿಳುನಾಡು ಸರಕಾರವು 2022ರ ಸೆಪ್ಟೆಂಬರಿನಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಅದಕ್ಕಾಗಿಯೇ ಕಾಯ್ದಿರಿಸಿತು. ಆ ವರ್ಷ ಅಲ್ಲಿ ಹೆಣ್ಣು ಕರುವೊಂದು ಹುಟ್ಟಿದ್ದರೆ, ಮಾರ್ಷ್ ಅವರ ಎಣಿಕೆಯ ಮೇರೆಗೆ ಅದು ಮೊದಲ ಕರು ಹಾಕುವುದು ಬೇಗನೆಂದರೆ 2028ಕ್ಕೆ, ಹುಲ್ಲು ಸಾಲದೆ ತಡವಾದರೆ 2039ಕ್ಕೆ.