ಮನೆಯಲ್ಲೇ ಹೆರಿಗೆ: ಮಗಳು-ಅಳಿಯನ ಪಟ್ಟಿ

ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮ ಯುವ ಓದುಗರೇ, ಈ ಸಲ ನಿಮ್ಮೊಡನೆ ಹೆರಿಗೆಯ ವಿಷಯ ಮಾತಾಡಬೇಕೆಂದಿದ್ದೇನೆ. ಹುಡುಗರು ಪುಟ ಮಗುಚಬೇಡಿ, ಇದು ನಿಮಗೂ ಸೇರಿದ್ದೇ. ನಿಮ್ಮಲ್ಲಿ ಕೆಲವರಿಗೆ ಹೊಸದಾಗಿ ಮದುವೆಯಾಗಿದೆ, ಉಳಿದವರಿಗೆ ಇಂದಲ್ಲ ನಾಳೆ ಆಗುತ್ತದೆ. ಮನೆಯಲ್ಲೇ ಹೆರಿಗೆಯಾದರೆ ಚೆನ್ನ ಎಂಬ ಮಾತನ್ನು ನಿಮ್ಮ ವಯಸ್ಸಿನವರ ಬಾಯಲ್ಲಿ ಈಚೆಗೆ ಆಗಾಗ ಕೇಳುತ್ತಿದ್ದೇನೆ. 2023ರಲ್ಲಿ ಅದು ನನ್ನ ಮಗಳ ಬಾಯಿಂದಲೇ ಬಂತು. ಚೊಚ್ಚಲು ಹೆರಿಗೆ, ಅದೂ ಡೊಂಬಿವಲಿಯ ಏಳನೇ ಮಹಡಿಯ ಫ್ಲಾಟಿನಲ್ಲಿ!

ನನ್ನ ಅಳಿಯ ಮರಾಠಿ ಹುಡುಗ. ಇಬ್ಬರೂ ಕೂತು ತಮಗೆ ಏನೇನು ಬೇಕು, ಏನೇನು ಬೇಡ ಎಂದು ಒಂದು ಹಾಳೆಯಲ್ಲಿ ಬರೆದಿದ್ದರು. ಗಂಡ ಪಕ್ಕದಲ್ಲೇ ಇರಬೇಕು. ನೋವು ತಿನ್ನುವಾಗ ಓಡಾಡಲು, ಕೂರಲು, ಬೇಕಾದಂತೆ ಹೊರಳಲು ಬಿಡಬೇಕು. ಬಾಯಾರಿದರೆ ಕುಡಿಯಲು ಕೊಡಬೇಕು. ಕಾರಣವಿಲ್ಲದೆ ಕತ್ತರಿ ಹಾಕಬಾರದು, ಅವಸರ ಮಾಡಿ ಹೊಟ್ಟೆ ಕೊಯ್ಯಬಾರದು. ಹೊಕ್ಕುಳ ಬಳ್ಳಿಯನ್ನು ತಕ್ಷಣ ಕತ್ತರಿಸಬಾರದು. ಮಗು ಮೊದಲು ತಾಯಿಯ ಎದೆಯ ಮೇಲೆ ಮಲಗಬೇಕು. ಗುರುತಿಲ್ಲದವರು ಬಂದು ಹೋಗಿ ಮಾಡಬಾರದು. ಕೊನೆಯಲ್ಲಿ ಮಗಳ ಅಕ್ಷರದಲ್ಲಿ, 'ಅಮ್ಮ ಇರಬೇಕು, ಕನ್ನಡದಲ್ಲಿ ಮಾತಾಡಿಸುತ್ತಿರಬೇಕು.' ಇದೆಲ್ಲಕ್ಕೂ ಮೇಲೆ, ದಪ್ಪಕ್ಷರದಲ್ಲಿ: ಮನೆಯಲ್ಲೇ.

ನನಗೆ ಸಿಟ್ಟು ಬರಲಿಲ್ಲ. ಆ ಪಟ್ಟಿಯ ಒಂದೊಂದು ಸಾಲೂ ನನ್ನ ಹೆರಿಗೆಯಿಂದಲೇ ಹುಟ್ಟಿದಂತಿತ್ತು. 1992ರಲ್ಲಿ ಇವಳು ಹುಟ್ಟಿದ್ದು ಇದೇ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ. ಊರಿಂದ ಬಂದ ಅಮ್ಮನನ್ನು ಬಾಗಿಲಾಚೆಯೇ ನಿಲ್ಲಿಸಿದರು. ರಾತ್ರಿಯೆಲ್ಲ ಅಂಗಾತ ಮಲಗಿದ್ದೆ, ಮಗ್ಗುಲಾಗಲು ಬಿಡಲಿಲ್ಲ. ನೋವಿನಲ್ಲಿ ನನಗೆ ಹಿಂದಿ ಮರೆತೇ ಹೋಗಿತ್ತು. 'ಅಮ್ಮಾ' ಎಂದು ಕೂಗಿದ್ದಕ್ಕೆ ದಾದಿ ಗದರಿದಳು. ಈ ಕಥೆ ಮಗಳಿಗೆ ಗೊತ್ತು. ಜೊತೆಗೆ ನನ್ನಮ್ಮ ಹೇಳುತ್ತಿದ್ದ ಇನ್ನೊಂದು ಕಥೆಯೂ ಗೊತ್ತು: ಮಧುಗಿರಿ ತಾಲ್ಲೂಕಿನ ನಮ್ಮ ಹಳ್ಳಿಯ ನಡುಮನೆ, ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರಗಾಲಲ್ಲಿ ಕೂತ ಬಸುರಿ, ಬೆನ್ನಿಗೆ ಆನಿಸಿಕೊಂಡ ಅತ್ತಿಗೆ, ಹಂಡೆಯಲ್ಲಿ ಕಾಯುವ ನೀರು, ಹರಳೆಣ್ಣೆ ಸವರಿದ ಕೈಯ ಸೂಲಗಿತ್ತಿ. ನಾನು ಹುಟ್ಟಿದ್ದು ಹಾಗೆ. ಎರಡು ಕಥೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾವ ಹುಡುಗಿ ತಾನೇ ಮೊದಲನೆಯದನ್ನು ಆರಿಸುತ್ತಾಳೆ?

ಸೂಲಗಿತ್ತಿ ಎಂಬ ಪದವನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರೋ ಕಾಣೆ. ಸೂಲು ಅಂದರೆ ಹೆರಿಗೆ. ಊರ ಕಡೆ ಹಸು ಕೊಳ್ಳುವವರು ಇಂದಿಗೂ 'ಎಷ್ಟನೇ ಸೂಲು?' ಎಂದೇ ಕೇಳುತ್ತಾರೆ. ಮರಾಠಿಯಲ್ಲಿ ಆಕೆಯನ್ನು ಸುಈಣ ಎನ್ನುತ್ತಾರೆಂದು ಅಳಿಯ ಹೇಳಿದ. ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಒಂದು ಕಾಸನ್ನೂ ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಮಲಗಿದೆಯೆಂದು ಹೇಳಬಲ್ಲ ಅಂಥ ಕೈಗಳನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗಾಗದು.

ಆದರೆ ನನ್ನಮ್ಮ ಮೊಮ್ಮಗಳಿಗೆ ಹೇಳದೆ ಬಿಟ್ಟ ಒಂದು ಸಂಗತಿ ಇತ್ತು. ಆ ದಿನ ಅದನ್ನು ನಾನೇ ಹೇಳಬೇಕಾಯಿತು. ಅದೇ ನಡುಮನೆಯಲ್ಲಿ, ಅದೇ ಸೂಲಗಿತ್ತಿಯ ಕೈಯಲ್ಲಿ, 1958ರಲ್ಲಿ ನನ್ನ ದೊಡ್ಡಮ್ಮನಿಗೆ ಎರಡನೇ ಹೆರಿಗೆಯಾಯಿತು. ಮಗು ಚೆನ್ನಾಗಿಯೇ ಬಂತು. ಕಸ ಬೀಳಲಿಲ್ಲ, ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿದರು. ಎತ್ತುಗಳು ಊರ ಕೆರೆಯ ಏರಿ ದಾಟುವುದರೊಳಗೆ ಎಲ್ಲ ಮುಗಿದಿತ್ತು. ಸೂಲಗಿತ್ತಿಯನ್ನು ಯಾರೂ ಬಯ್ಯಲಿಲ್ಲ, ಆಕೆ ತನ್ನ ಕೈಲಾದದ್ದೆಲ್ಲ ಮಾಡಿದ್ದಳು. ಆಕೆಯ ಬಳಿ ಇಲ್ಲದ್ದು ಗರ್ಭಕೋಶ ಬಿಗಿಯುವಂತೆ ಮಾಡುವ ಚುಚ್ಚುಮದ್ದು ಮತ್ತು ಒಂದೆರಡು ಬಾಟಲಿ ರಕ್ತ. ಆ ಮಗುವನ್ನು ನನ್ನಮ್ಮನೇ ಸಾಕಿದಳು. ನಾನು ಅಣ್ಣ ಎಂದು ಕರೆಯುವುದು ಅವನನ್ನೇ.

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಅಳಿಯ ಲೆಕ್ಕದ ಮನುಷ್ಯ, ಅಂಕಿಅಂಶ ತೆಗೆದ. ದೇಶದಲ್ಲಿ 1992-93ರ ಸುಮಾರಿಗೆ 100ಕ್ಕೆ 26 ಹೆರಿಗೆಗಳಷ್ಟೇ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು, 2019-21ರ ಸಮೀಕ್ಷೆಯಲ್ಲಿ ಅದು 89. ಒಂದು ಲಕ್ಷ ಹೆರಿಗೆಗೆ ಸಾಯುವ ತಾಯಂದಿರು 1997-98ರಲ್ಲಿ 398, 2018-20ರಲ್ಲಿ 97. ಆ ಇಳಿಕೆಯೆಲ್ಲ ಆಸ್ಪತ್ರೆಯ ಗೋಡೆಗಳಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಓದು, ರಸ್ತೆ, ಹೊಟ್ಟೆಗೆ ಅನ್ನ, ಎಲ್ಲವೂ ಸೇರಿದೆ. ಅವನು ಇನ್ನೊಂದು ಅಂಕಿಯನ್ನೂ ತೋರಿಸಿದ: ಅದೇ 2019-21ರ ಸಮೀಕ್ಷೆಯಂತೆ ಖಾಸಗಿ ಆಸ್ಪತ್ರೆಗಳಲ್ಲಿ 100ಕ್ಕೆ 47 ಹೆರಿಗೆ ಸಿಸೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ 14. ಇವರ ಹೆದರಿಕೆ ಗಾಳಿಯ ಮೇಲೆ ಕಟ್ಟಿದ್ದಲ್ಲ, ಒಪ್ಪಿದೆ.

ಇಂಗ್ಲೆಂಡಿನಲ್ಲಿ ಮನೆಯ ಹೆರಿಗೆ ಸರಕಾರಿ ವ್ಯವಸ್ಥೆಯಲ್ಲೇ ಇದೆಯಲ್ಲ ಎಂದಳು ಮಗಳು. ಹೌದು, ಇದೆ. ಅಲ್ಲಿ ತೊಡಕಿಲ್ಲದ 64,000ಕ್ಕೂ ಹೆಚ್ಚು ಬಸುರಿಯರನ್ನು ಗಮನಿಸಿದ ಒಂದು ಅಧ್ಯಯನ 2011ರಲ್ಲಿ ಹೊರಬಂತು. ಎರಡನೆಯ, ಮೂರನೆಯ ಹೆರಿಗೆಯವರ ಮಕ್ಕಳಿಗೆ ಮನೆಗೂ ಆಸ್ಪತ್ರೆಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿನವರಲ್ಲಿ ಮಾತ್ರ ಮಗುವಿಗೆ ಗಂಭೀರ ತೊಂದರೆಯಾದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಮನೆಯಲ್ಲೇ ಹೆರುತ್ತೇವೆಂದು ಹೊರಟ ಚೊಚ್ಚಲಿನವರಲ್ಲಿ 100ಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಪಕ್ಕದಲ್ಲೇ ಔಷಧದ ಚೀಲ ಹಿಡಿದ, ತರಬೇತಾದ ಸೂಲಗಿತ್ತಿ ಇರುವ ದೇಶದ ಲೆಕ್ಕ ಇದು. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುವುದಿಲ್ಲ. ಅಳಿಯ ಟೇಪು ಹಿಡಿದು ಅಳೆದೇ ಬಂದ. ಸ್ಟೇಷನ್ ರಸ್ತೆಯ ಸಂಜೆಯನ್ನು ನೀವೇ ಬಲ್ಲಿರಿ.

ಆಮೇಲೆ ನಾವು ಮೂವರೂ ಪಟ್ಟಿಯನ್ನು ಮತ್ತೆ ಓದಿದೆವು. ಮೇಲಿನ ಒಂದು ಪದ ಬಿಟ್ಟರೆ ಉಳಿದ ಯಾವುದಕ್ಕೂ ಮನೆಯೇ ಆಗಬೇಕೆಂದಿಲ್ಲ. ಬೇಕಾದವರು ಜೊತೆಗಿರುವುದು, ಓಡಾಟ, ಬೇಕಾದ ಭಂಗಿ, ಕುಡಿಯುವ ನೀರು, ತಡೆದು ಬಳ್ಳಿ ಕತ್ತರಿಸುವುದು, ಮಗು ಎದೆಯ ಮೇಲಿರುವುದು, ಎಲ್ಲವನ್ನೂ ವಿಶ್ವ ಆರೋಗ್ಯ ಸಂಸ್ಥೆಯೇ 2018ರ ತನ್ನ ಶಿಫಾರಸುಗಳಲ್ಲಿ ಹೇಳಿದೆ. ಕೇಳುವವರು ಬೇಕು, ಅಷ್ಟೇ. ಅದಕ್ಕೆ ಎಂಟನೇ ತಿಂಗಳು ತಡ; ಇವರು ಐದನೆಯದರಲ್ಲೇ ಹೊರಟರು. ಮೊದಲ ಡಾಕ್ಟರು ಹಾಳೆ ನೋಡಿ ನಕ್ಕರು. ಎರಡನೆಯವರು 'ನೋಡೋಣ' ಎಂದರು. ನೋಡೋಣ ಅಂದರೆ ಇಲ್ಲ ಎಂದೇ ಅರ್ಥ, ನೀವೂ ಹಾಗೇ ತಿಳಿಯಿರಿ. ಮೂರನೆಯ ಡಾಕ್ಟರಮ್ಮ ಪೆನ್ನು ತೆಗೆದು ಒಂದೊಂದಕ್ಕೂ ಗುರುತು ಹಾಕಿದರು. ಜೊತೆಗೆ ಇಬ್ಬರಿಗೆ ಅವಕಾಶವಿಲ್ಲ, ಒಬ್ಬರಿಗೆ ಮಾತ್ರ ಎಂದರು. ತಮ್ಮ ಆಸ್ಪತ್ರೆಯಲ್ಲಿ ಹಿಂದಿನ ವರ್ಷ ಎಷ್ಟು ಸಿಸೇರಿಯನ್ ಆದವು, ರಾತ್ರಿ ರಕ್ತ ಬೇಕಾದರೆ ಎಲ್ಲಿಂದ ತರಿಸುತ್ತಾರೆ ಎಂಬುದನ್ನು ಕೇಳಿದ ಕೂಡಲೇ ಹೇಳಿದರು. ನಾನು ಒಪ್ಪಿದ್ದು ಆ ಉತ್ತರಗಳಿಗೆ.

ನೋವು ಹದಿನಾಲ್ಕು ಗಂಟೆ ತಿಂದಳು. ಒಳಗೆ ಒಬ್ಬರೇ ಎಂದಿದ್ದರಿಂದ ನಾನೂ ಅಳಿಯನೂ ಸರದಿಯಲ್ಲಿ ಹೋದೆವು. ಕೊನೆಯ ಹೊತ್ತಿಗೆ ಒಳಗಿದ್ದವನು ಅವನು. ಬಾಗಿಲಾಚೆಗೆ ನನಗೆ ಕೇಳಿಸುತ್ತಿತ್ತು, ಅವನು ತನ್ನ ಹರುಕು ಕನ್ನಡದಲ್ಲಿ 'ಇನ್ನ ಸ್ವಲ್ಪ, ಇನ್ನ ಸ್ವಲ್ಪ' ಎನ್ನುತ್ತಿದ್ದ. ಹೆಣ್ಣು ಮಗು. ರಕ್ತವೇನೂ ಹೆಚ್ಚು ಹೋಗಲಿಲ್ಲ. ಮನೆಯಲ್ಲಾಗಿದ್ದರೂ ಹೋಗುತ್ತಿರಲಿಲ್ಲವೇನೋ. ಅದು ಮೊದಲೇ ಯಾರಿಗೂ ತಿಳಿಯುವುದಿಲ್ಲ, ದೊಡ್ಡಮ್ಮನಿಗೂ ತಿಳಿದಿರಲಿಲ್ಲ.

ಮೂರನೇ ದಿನ ಮನೆಗೆ ಬಂದರು. ಅಲ್ಲಿಂದ ಮುಂದಿನದು ಪೂರ್ತಿ ನಮ್ಮ ಪಟ್ಟಿ: ಬೆನ್ನು ಸೊಂಟಕ್ಕೆ ಎಣ್ಣೆ, ಮೈಗೆ ಬಿಸಿನೀರು, ಮೆಂತ್ಯದುಂಡೆ, ಸಬ್ಬಸಿಗೆ ಸೊಪ್ಪಿನ ಸಾರು. ಹಂಡೆಯಿಲ್ಲದ ಮನೆ, ಗೀಸರಿನ ನೀರು ಎರಡು ಬಕೆಟಿಗೇ ತಣ್ಣಗಾಗುತ್ತಿತ್ತು. ಮೂರನೇ ಬಕೆಟ್ಟನ್ನು ಅಳಿಯ ಗ್ಯಾಸಿನ ಮೇಲೆ ಕಾಯಿಸಿ ತಂದು ಕೊಡುತ್ತಿದ್ದ, ನಲವತ್ತು ದಿನವೂ.